ಫ್ಲೋರೈಡ್ ಅಯಾನು ಬ್ಯಾಟರಿಗೆ ಒಳ್ಳೆಯ ಘನ ಎಲೆಕ್ಟ್ರೊಲೈಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಟರಿ ಬಗ್ಗೆ ಓದುವ ಪದವಿ ವಿದ್ಯಾರ್ಥಿಗಳು, ಶಿಕ್ಷಕರು, ಸುಮ್ನೆ ಕುತೂಹಲ ಇರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೊದಲಿನಿಂದ ಓದಿದರೆ ಒಳ್ಳೆಯದು, ಏಕೆಂದರೆ ಒಂದು ಉತ್ತರ ಇನ್ನೊಂದರ ಮೇಲೆ ನಿಂತಿದೆ.

ಫ್ಲೋರೈಡ್ ಅಯಾನು ಬ್ಯಾಟರಿ ಅಂದರೆ ಏನು?

ನಮ್ಮ ಫೋನಿನ ಬ್ಯಾಟರಿಯಲ್ಲಿ ಓಡಾಡುವುದು ಲಿಥಿಯಮ್ ಅಯಾನು. ಅದಕ್ಕೆ ಧನ ವಿದ್ಯುದಂಶ. ಇಲ್ಲಿ ಓಡಾಡುವುದು ಫ್ಲೋರೈಡ್, ಅಂದರೆ ಋಣ ಅಯಾನು. ಬ್ಯಾಟರಿಯಿಂದ ಕರೆಂಟ್ ತೆಗೆಯುವಾಗ ಕ್ಯಾಥೋಡಿನಲ್ಲಿ, ಅಂದರೆ ಬ್ಯಾಟರಿಯ ಧನ ತುದಿಯಲ್ಲಿ, ಇರುವ ಲೋಹದ ಫ್ಲೋರೈಡ್ ತನ್ನ ಫ್ಲೋರೈಡನ್ನು ಬಿಟ್ಟುಕೊಟ್ಟು ಬರೀ ಲೋಹವಾಗುತ್ತದೆ. ಆ ಫ್ಲೋರೈಡ್ ನಡುವೆ ಇರುವ ಎಲೆಕ್ಟ್ರೊಲೈಟ್ (ಅಯಾನನ್ನು ಓಡಾಡಲು ಬಿಟ್ಟು ಎಲೆಕ್ಟ್ರಾನನ್ನು ತಡೆಯುವ ವಸ್ತು) ದಾಟಿ ಇನ್ನೊಂದು ತುದಿಯ ಆನೋಡಿಗೆ ಹೋಗುತ್ತದೆ, ಅಲ್ಲಿನ ಲೋಹದ ಜೊತೆ ಸೇರುತ್ತದೆ. ಚಾರ್ಜ್ ಮಾಡಿದಾಗ ಇದೇ ದಾರಿಯಲ್ಲಿ ವಾಪಸ್ ಬರುತ್ತದೆ.

ಲಿಥಿಯಮ್ ಇರುವಾಗ ಇದು ಯಾಕೆ ಬೇಕು?

ಒಂದು ತಾಮ್ರದ ಪರಮಾಣು ಎರಡು ಫ್ಲೋರೈಡ್ ಹಿಡಿಯುತ್ತದೆ, ಬಿಸ್ಮತ್ ಮೂರು ಹಿಡಿಯುತ್ತದೆ. ಹಾಗಾಗಿ ಒಂದೊಂದು ಪರಮಾಣುವೂ ಎರಡು ಮೂರು ಎಲೆಕ್ಟ್ರಾನ್ ಕೊಡುತ್ತದೆ. ಲೆಕ್ಕದ ಪ್ರಕಾರ ಕಾಪರ್ ಫ್ಲೋರೈಡಿನ ಸಾಮರ್ಥ್ಯ ಗ್ರಾಮಿಗೆ 528 ಮಿಲಿಆಂಪ್-ಅವರ್, ಬಿಸ್ಮತ್ ಫ್ಲೋರೈಡಿನದು 302. ಈಗ ಸ್ಕೂಟರ್, ಬಸ್ಸುಗಳಲ್ಲಿ ಬರುವ ಲಿಥಿಯಮ್ ಐರನ್ ಫಾಸ್ಫೇಟ್ ಕ್ಯಾಥೋಡಿನದು 170. ಈ ವಸ್ತುಗಳು ಭಾರವೂ ಹೌದು, ಒತ್ತೊತ್ತಾಗಿಯೂ ಇರುತ್ತವೆ. ಆದ್ದರಿಂದ ಚಿಕ್ಕ ಜಾಗದಲ್ಲಿ ಜಾಸ್ತಿ ಶಕ್ತಿ ತುಂಬಬಹುದು. ಕೆಲವು ಆನೋಡ್-ಕ್ಯಾಥೋಡ್ ಜೋಡಿಗಳಿಗೆ ಲೀಟರಿಗೆ 5,000 ವ್ಯಾಟ್-ಅವರ್ ದಾಟುವ ಲೆಕ್ಕ ಬರುತ್ತದೆ. ಆದರೆ ಅದು ಕಾಗದದ ಮೇಲಿನ ಲೆಕ್ಕ. ಎಲೆಕ್ಟ್ರೊಲೈಟ್, ಇಂಗಾಲ, ಕವಚ ಎಲ್ಲ ಸೇರಿಸಿದರೆ ಬಹಳ ಇಳಿಯುತ್ತದೆ. ಈ ಸಂಖ್ಯೆ ಒಂದನ್ನೇ ಹಿಡಿದು ಯಾರಾದರೂ ಮಾತಾಡಿದರೆ ನಂಬಬೇಡಿ.

ಇದು ಹೊಸ ವಿಷಯವಾ?

ಬೇರು ಹಳೆಯದು. ಲೆಡ್ ಫ್ಲೋರೈಡನ್ನು ಕಾಯಿಸಿದರೆ ಕರಗುವ ಮೊದಲೇ ಅದರಲ್ಲಿ ವಿದ್ಯುತ್ ಹರಿಯುತ್ತದೆ ಎಂದು ಮೈಕೆಲ್ ಫ್ಯಾರಡೆ 1830ರ ದಶಕದಲ್ಲೇ ಗಮನಿಸಿದ್ದ. ಘನ ವಸ್ತುವಿನೊಳಗೆ ಅಯಾನು ಓಡುತ್ತದೆ ಎಂಬುದಕ್ಕೆ ಸಿಕ್ಕ ಮೊದಮೊದಲ ಸುಳಿವುಗಳಲ್ಲಿ ಅದೂ ಒಂದು. 1970ರ ದಶಕದಲ್ಲಿ ಲೆಡ್ ಫ್ಲೋರೈಡಿನ ತೆಳು ಪದರ ಇಟ್ಟು ಸಣ್ಣ ಸಣ್ಣ ಸೆಲ್ ಮಾಡಿ ನೋಡಿದರು. ಮತ್ತೆ ಮತ್ತೆ ಚಾರ್ಜ್ ಆಗುವ ಬ್ಯಾಟರಿಯಾಗಿ ಇದಕ್ಕೆ ಜೀವ ಬಂದದ್ದು 2011ರಲ್ಲಿ. ಜರ್ಮನಿಯ ಕಾರ್ಲ್ಸ್‌ರೂಹೆ ತಂತ್ರಜ್ಞಾನ ಸಂಸ್ಥೆಯ ಎಂ. ಅಂಜಿ ರೆಡ್ಡಿ ಮತ್ತು ಮ್ಯಾಕ್ಸಿಮಿಲಿಯನ್ ಫಿಕ್ಟ್‌ನರ್ ಸೀರಿಯಮ್ ಆನೋಡ್, ಲೋಹದ ಫ್ಲೋರೈಡ್ ಕ್ಯಾಥೋಡ್, ನಡುವೆ ಬೇರಿಯಮ್ ಬೆರೆಸಿದ ಲ್ಯಾಂಥನಮ್ ಫ್ಲೋರೈಡ್ ಇಟ್ಟು ಸೆಲ್ ನಡೆಸಿ ತೋರಿಸಿದರು. ಆ ಸೆಲ್ ನಡೆದದ್ದು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇವತ್ತಿನ ಅಷ್ಟೂ ಕೆಲಸ ಆ 150 ಡಿಗ್ರಿಯನ್ನು ಕೆಳಗೆ ಇಳಿಸುವುದರ ಸುತ್ತ ನಡೆದಿದೆ.

ಘನ ಎಲೆಕ್ಟ್ರೊಲೈಟೇ ಯಾಕೆ? ದ್ರವ ಆಗಲ್ವಾ?

ಆಗುತ್ತದೆ. 2018ರಲ್ಲಿ ಕ್ಯಾಲ್‌ಟೆಕ್, ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬ್ ಮತ್ತು ಹೋಂಡಾದ ಸಂಶೋಧಕರು ಸೇರಿ ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುವ ದ್ರವ ಎಲೆಕ್ಟ್ರೊಲೈಟ್ ತೋರಿಸಿದರು. ಆದರೆ ದ್ರವದಲ್ಲಿ ಕರಗಿದ ಫ್ಲೋರೈಡ್ ತುಂಬಾ ಚುರುಕು. ಸುತ್ತಲಿನ ದ್ರಾವಕದಿಂದ ಹೈಡ್ರೋಜನ್ ಕಿತ್ತುಕೊಳ್ಳಲು ನೋಡುತ್ತದೆ. ಜೊತೆಗೆ ಎಲೆಕ್ಟ್ರೋಡಿನ (ಆನೋಡ್, ಕ್ಯಾಥೋಡ್ ಎರಡಕ್ಕೂ ಇದೇ ಹೆಸರು) ಲೋಹವೂ ಸ್ವಲ್ಪ ಸ್ವಲ್ಪ ಕರಗಿ ಹೋಗಬಹುದು. ಹರಳಿನೊಳಗೆ ಈ ಎರಡೂ ತೊಂದರೆ ಕಡಿಮೆ, ಬೆಂಕಿ ಹತ್ತುವ ದ್ರವವೂ ಇಲ್ಲ. ಎರಡು ದಾರಿಯಲ್ಲೂ ಕೆಲಸ ನಡೆದಿದೆ. ಈ ಪುಟ ಘನದ ದಾರಿಯ ಬಗ್ಗೆ ಮಾತ್ರ.

ಗಟ್ಟಿ ಹರಳಿನೊಳಗೆ ಅಯಾನು ಹೇಗೆ ಓಡಾಡುತ್ತದೆ?

ತುಂಬಿದ ಬಸ್ಸನ್ನು ನೆನಪಿಸಿಕೊಳ್ಳಿ. ಎಲ್ಲ ಸೀಟೂ ಭರ್ತಿಯಾಗಿದ್ದರೆ ಯಾರೂ ಜಾಗ ಬದಲಿಸಲು ಆಗುವುದಿಲ್ಲ. ಒಂದು ಸೀಟು ಖಾಲಿಯಾದರೆ ಪಕ್ಕದವರು ಅಲ್ಲಿಗೆ ಸರಿಯುತ್ತಾರೆ, ಅವರ ಸೀಟಿಗೆ ಇನ್ನೊಬ್ಬರು. ನೋಡುವವರಿಗೆ ಖಾಲಿ ಸೀಟೇ ಬಸ್ಸಿನ ತುದಿಯಿಂದ ತುದಿಗೆ ಓಡಿದಂತೆ ಕಾಣುತ್ತದೆ. ಲ್ಯಾಂಥನಮ್ ಫ್ಲೋರೈಡಿನಲ್ಲಿ ನಡೆಯುವುದು ಇದೇ. ಪ್ರತಿ ಲ್ಯಾಂಥನಮ್‌ಗೆ ಮೂರು ಫ್ಲೋರೈಡ್ ಬೇಕು, ಬೇರಿಯಮ್‌ಗೆ ಎರಡು ಸಾಕು. ಹತ್ತು ಲ್ಯಾಂಥನಮ್‌ನಲ್ಲಿ ಒಂದನ್ನು ತೆಗೆದು ಬೇರಿಯಮ್ ಕೂರಿಸಿದರೆ ಅಲ್ಲೊಂದು ಫ್ಲೋರೈಡ್ ಜಾಗ ಖಾಲಿ ಉಳಿಯುತ್ತದೆ. ಈ ಹರಳಿನ ರಚನೆಗೆ ಟೈಸೊನೈಟ್ ಎಂದು ಹೆಸರು.

ಇನ್ನೊಂದು ಬಗೆ ಫ್ಲೋರೈಟ್ ರಚನೆ. ಕ್ಯಾಲ್ಸಿಯಮ್ ಫ್ಲೋರೈಡ್, ಬೇರಿಯಮ್ ಫ್ಲೋರೈಡ್ ಈ ಜಾತಿಯವು. ಬೇರಿಯಮ್ ಫ್ಲೋರೈಡಿಗೆ ಲ್ಯಾಂಥನಮ್ ಬೆರೆಸಿದರೆ ಉಲ್ಟಾ ಆಗುತ್ತದೆ. ಒಂದು ಫ್ಲೋರೈಡ್ ಹೆಚ್ಚಾಗಿ, ಸೀಟುಗಳ ನಡುವಿನ ಸಂದಿಯಲ್ಲಿ ನಿಂತು ಪ್ರಯಾಣ ಮಾಡುತ್ತದೆ.

ನಮ್ಮ ಊರಿಗೆ ಹತ್ತಿರದ ಒಂದು ಮಾತು ಇಲ್ಲಿ ಹೇಳಲೇಬೇಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಎಲ್ಲರಿಗೂ ಗೊತ್ತು. ಆ ನೀರನ್ನು ಲ್ಯಾಬಿನಲ್ಲಿ ಅಳೆಯುವಾಗ ಒಂದು ಫ್ಲೋರೈಡ್ ಎಲೆಕ್ಟ್ರೋಡನ್ನು ನೀರಿನಲ್ಲಿ ಅದ್ದುತ್ತಾರಲ್ಲ, ಅದರ ತುದಿಯಲ್ಲಿರುವುದು ಯುರೋಪಿಯಮ್ ಬೆರೆಸಿದ ಲ್ಯಾಂಥನಮ್ ಫ್ಲೋರೈಡಿನ ಹರಳು. 1966ರಿಂದ ಬಳಕೆಯಲ್ಲಿದೆ. ಆ ಹರಳಿನೊಳಗೆ ಕೋಣೆಯ ಉಷ್ಣತೆಯಲ್ಲೇ ಫ್ಲೋರೈಡ್ ಸರಿದಾಡುತ್ತದೆ. ಅಳೆಯಲು ಅಷ್ಟು ಓಡಾಟ ಸಾಕು, ಯಾಕೆಂದರೆ ಅಲ್ಲಿ ಹರಿಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಬ್ಯಾಟರಿಗೆ ಅದು ಸಾಲದು.

ಹಾಗಾದರೆ ಎಷ್ಟು ವಾಹಕತೆ ಬೇಕು?

ವಾಹಕತೆ ಅಂದರೆ ವಸ್ತುವಿನೊಳಗೆ ಕರೆಂಟ್, ಇಲ್ಲಿ ಅಯಾನು, ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬ ಅಳತೆ. ಅದನ್ನು ಸೀಮೆನ್ಸ್‌ನಲ್ಲಿ ಹೇಳುತ್ತಾರೆ. ಒಂದು ಲೆಕ್ಕ ಹಾಕೋಣ. ಎಲೆಕ್ಟ್ರೊಲೈಟ್ ಪುಡಿಯನ್ನು ಒತ್ತಿ ಮಾಡಿದ ಬಿಲ್ಲೆಯ ದಪ್ಪ 0.1 ಮಿ.ಮೀ., ವಿಸ್ತೀರ್ಣ 1 ಚದರ ಸೆಂ.ಮೀ. ಎಂದಿಟ್ಟುಕೊಳ್ಳಿ. ವಾಹಕತೆ ಸೆಂಟಿಮೀಟರಿಗೆ 0.000001 ಸೀಮೆನ್ಸ್ ಆದರೆ ಬಿಲ್ಲೆಯ ರೋಧ 10,000 ಓಮ್. ಒಂದೇ ಒಂದು ಮಿಲಿಆಂಪ್ ಹರಿಸಿದರೂ 10 ವೋಲ್ಟ್ ಅಲ್ಲೇ ನಷ್ಟ. ಸೆಲ್ಲಿನಲ್ಲಿ ಇರುವುದೇ 3 ವೋಲ್ಟ್! ವಾಹಕತೆ 0.0001ಕ್ಕೆ ಏರಿದರೆ ರೋಧ 100 ಓಮ್, ನಷ್ಟ 0.1 ವೋಲ್ಟ್. ಇದು ತಡೆದುಕೊಳ್ಳುವಂಥದ್ದು. 0.001 ಮುಟ್ಟಿದರೆ ಚಿಂತೆಯೇ ಇಲ್ಲ.

ಸಾಮಾನ್ಯವಾಗಿ ತಯಾರಿಸಿದ ಬೇರಿಯಮ್-ಲ್ಯಾಂಥನಮ್ ಫ್ಲೋರೈಡ್ ಬಿಲ್ಲೆ ಕೋಣೆಯ ಉಷ್ಣತೆಯಲ್ಲಿ 0.00001ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೆ ಇರುತ್ತದೆ. ಕಾಯಿಸಿದರೆ ಏರುತ್ತದೆ, 160 ಡಿಗ್ರಿಯಲ್ಲಿ 0.0001 ದಾಟುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ಹಾರಲು ಅಯಾನಿಗೆ 0.5 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕಾದರೆ 25ರಿಂದ 150 ಡಿಗ್ರಿಗೆ ಹೋದಾಗ ಓಟ ಸುಮಾರು 300 ಪಟ್ಟು ಹೆಚ್ಚುತ್ತದೆ. 0.3 ಸಾಕಾದರೆ ಬರೀ 30 ಪಟ್ಟು. ಅಂದರೆ ಕಾಯಿಸುವ ಅವಲಂಬನೆ ಬಿಡಬೇಕಾದರೆ ಹಾರಲು ಬೇಕಾದ ಈ ಶಕ್ತಿಯನ್ನು, ಅಂದರೆ ಅಯಾನು ದಾಟಬೇಕಾದ ಅಡ್ಡಗೋಡೆಯ ಎತ್ತರವನ್ನೇ, ಇಳಿಸಬೇಕು.

ಇನ್ನೊಂದು ದಾರಿಯನ್ನು ಬಹಳ ಜನ ಮರೆಯುತ್ತಾರೆ. ಬಿಲ್ಲೆಯನ್ನು ತೆಳ್ಳಗೆ ಮಾಡಿ. 0.00001 ಇರುವ ವಸ್ತುವನ್ನೇ 0.02 ಮಿ.ಮೀ. ಪದರ ಮಾಡಿದರೆ ರೋಧ 200 ಓಮ್ ಮಾತ್ರ. ಲ್ಯಾಬಿನಲ್ಲಿ ಒತ್ತಿ ಮಾಡುವ ಬಿಲ್ಲೆಗಳು ಇದರ ಎಷ್ಟೋ ಪಟ್ಟು ದಪ್ಪ ಇರುತ್ತವೆ. ಹೊಸ ವಸ್ತು ಹುಡುಕುವುದಕ್ಕೆ ಸಿಗುವ ಮರ್ಯಾದೆ ಇರುವ ವಸ್ತುವನ್ನು ತೆಳ್ಳಗೆ, ತೂತಿಲ್ಲದೆ ಮಾಡುವ ಕೆಲಸಕ್ಕೂ ಸಿಗಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಬೇರಿಯಮ್ ಜಾಸ್ತಿ ಹಾಕಿದಷ್ಟೂ ಖಾಲಿ ಜಾಗ ಜಾಸ್ತಿ ಅಲ್ವಾ? ಇನ್ನೂ ಹಾಕಬಹುದಲ್ಲ?

ಇಲ್ಲ. ನೂರಕ್ಕೆ 5ರಿಂದ 10ರವರೆಗೆ ಲಾಭ. ಅದಕ್ಕಿಂತ ಮೇಲೆ ಹೋದರೆ ಖಾಲಿ ಜಾಗಗಳು ಬೇರಿಯಮ್ ಸುತ್ತ ಗುಂಪು ಕಟ್ಟಿಕೊಂಡು ಅಲ್ಲೇ ಸಿಕ್ಕಿಬೀಳುತ್ತವೆ. ಖಾಲಿ ಸೀಟು ಇದೆ, ಆದರೆ ಅದು ಕದಲುವುದಿಲ್ಲ. ಬೆರಕೆ ತೀರಾ ಜಾಸ್ತಿಯಾದರೆ ಹರಳು ಅದನ್ನು ಒಳಗೆ ಹಿಡಿದಿಟ್ಟುಕೊಳ್ಳಲಾರದೆ ಬೇರೆ ವಸ್ತುವಾಗಿ ಹೊರಹಾಕುತ್ತದೆ.

ಪುಡಿಯನ್ನು ಸಣ್ಣಗೆ ಅರೆದರೆ ವಾಹಕತೆ ಹೆಚ್ಚುತ್ತದೆಯಾ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಉತ್ತರ ಎರಡು ರಚನೆಗೆ ಎರಡು ಥರ.

ಫ್ಲೋರೈಟ್ ರಚನೆಯಲ್ಲಿ ಕಣಗಳ ಅಂಚೇ ಅಯಾನಿಗೆ ಹೆದ್ದಾರಿ. ಸ್ಟುಟ್‌ಗಾರ್ಟಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಯೋಆಖಿಮ್ ಮಾಯರ್ ಅವರ ಗುಂಪು 2000ದಲ್ಲಿ ಕ್ಯಾಲ್ಸಿಯಮ್ ಫ್ಲೋರೈಡ್ ಮತ್ತು ಬೇರಿಯಮ್ ಫ್ಲೋರೈಡ್ ಪದರಗಳನ್ನು ಒಂದರ ಮೇಲೊಂದು ನ್ಯಾನೋಮೀಟರ್ ದಪ್ಪದಲ್ಲಿ ಜೋಡಿಸಿತು. ಪದರ ತೆಳ್ಳಗಾದಷ್ಟೂ ವಾಹಕತೆ ಏರಿತು. ಎರಡು ವಸ್ತು ಮುಟ್ಟುವಲ್ಲಿ ಫ್ಲೋರೈಡ್ ಒಂದರಿಂದ ಇನ್ನೊಂದಕ್ಕೆ ಜಾರಿ, ಒಂದು ಕಡೆ ಖಾಲಿ ಜಾಗ, ಇನ್ನೊಂದು ಕಡೆ ಹೆಚ್ಚುವರಿ ಅಯಾನು ಹುಟ್ಟಿಸಿದ್ದೇ ಕಾರಣ. ಹಾಗಾಗಿ ಈ ಜಾತಿಯನ್ನು ಗಟ್ಟಿ ಗುಂಡುಗಳು ಉರುಳಿ ಪುಡಿ ಮಾಡುವ ಬಾಲ್ ಮಿಲ್‌ನಲ್ಲಿ ಸಣ್ಣಗೆ ಅರೆದರೆ ಲಾಭವಿದೆ.

ಟೈಸೊನೈಟ್‌ನಲ್ಲಿ ಇದು ತಲೆಕೆಳಗು. ಹರಳಿನ ಒಳಗಿನ ಓಟ ಚೆನ್ನಾಗಿರುತ್ತದೆ, ಒಂದು ಕಣದಿಂದ ಇನ್ನೊಂದಕ್ಕೆ ದಾಟುವಲ್ಲಿ ತಡೆ. ಕಣ ಸಣ್ಣದಾದಷ್ಟೂ ದಾಟಬೇಕಾದ ಗಡಿಗಳು ಜಾಸ್ತಿ. ಅದಕ್ಕೇ ಇದನ್ನು ಸಿಂಟರಿಂಗ್ ಮಾಡುತ್ತಾರೆ, ಅಂದರೆ ಕರಗುವ ಮಟ್ಟಕ್ಕಿಂತ ಕೆಳಗೆ ಕಾಸಿ ಕಣಗಳನ್ನು ಬೆಸೆದು ದೊಡ್ಡದು ಮಾಡುತ್ತಾರೆ. ಆದರೆ ಕಾಸುವಾಗ ಚೂರು ತೇವ ಸಿಕ್ಕರೂ ಅಂಚುಗಳಲ್ಲಿ ಆಕ್ಸಿಫ್ಲೋರೈಡ್ (ಆಮ್ಲಜನಕವೂ ಸೇರಿದ ಫ್ಲೋರೈಡ್) ಕಟ್ಟಿಕೊಂಡು ದಾರಿ ಮುಚ್ಚುತ್ತದೆ. ಇನ್ನೊಂದು ಕಷ್ಟವೂ ಇದೆ: ಬಿಲ್ಲೆಯನ್ನು ಎಲೆಕ್ಟ್ರೋಡ್ ಜೊತೆಗೆ ಸೇರಿಸಿ ಕಾಸಲು ಆಗುವುದಿಲ್ಲ, ಎರಡೂ ಒಂದಕ್ಕೊಂದು ಬೆರೆತು ಕೆಡುತ್ತವೆ.

ಕೋಣೆಯ ಉಷ್ಣತೆಯಲ್ಲಿ ಚೆನ್ನಾಗಿ ಓಡುವ ವಸ್ತುವೇ ಇಲ್ಲವಾ?

ಇದೆ. ಬೇರಿಯಮ್ ಟಿನ್ ಫ್ಲೋರೈಡ್ ಸೆಂಟಿಮೀಟರಿಗೆ 0.0003 ಸೀಮೆನ್ಸ್ ಮೇಲೆ ಕೊಡುತ್ತದೆ. ಲೆಡ್ ಟಿನ್ ಫ್ಲೋರೈಡ್ 0.001ರ ಮಟ್ಟದಲ್ಲಿದೆ. ಸೀಸಿಯಮ್, ಸೀಸ (ಲೆಡ್) ಮತ್ತು ಸ್ವಲ್ಪ ಪೊಟ್ಯಾಶಿಯಮ್ ಸೇರಿದ, ಪೆರೋವ್‌ಸ್ಕೈಟ್ ಎಂಬ ಹರಳು ರಚನೆಯ ಫ್ಲೋರೈಡ್ ಕೂಡ ಆ ಮಟ್ಟ ಮುಟ್ಟಿದೆ. 2018ರಲ್ಲಿ ಕಾರ್ಲ್ಸ್‌ರೂಹೆಯ ಗುಂಪೇ ಬೇರಿಯಮ್ ಟಿನ್ ಫ್ಲೋರೈಡ್ ಇಟ್ಟು, ತವರ (ಟಿನ್) ಮತ್ತು ಸತುವಿನ ಆನೋಡ್, ಬಿಸ್ಮತ್ ಫ್ಲೋರೈಡ್ ಕ್ಯಾಥೋಡ್ ಬಳಸಿ ಕಾಯಿಸದೆಯೇ ಬ್ಯಾಟರಿ ನಡೆಸಿತು.

ತವರ, ಸೀಸದಲ್ಲಿ ಅಂಥದ್ದೇನಿದೆ? ಎರಡರಲ್ಲೂ ಯಾರ ಜೊತೆಗೂ ಬಂಧ ಕಟ್ಟದ ಒಂಟಿ ಎಲೆಕ್ಟ್ರಾನ್ ಜೋಡಿ ಇರುತ್ತದೆ. ಬೇರಿಯಮ್ ಟಿನ್ ಫ್ಲೋರೈಡ್ ಹರಳಿನಲ್ಲಿ ಎರಡು ಪದರ ಬೇರಿಯಮ್, ಎರಡು ಪದರ ತವರ, ಮತ್ತೆ ಬೇರಿಯಮ್ ಹೀಗೆ ಜೋಡಣೆ. ಎರಡು ತವರದ ಪದರಗಳ ನಡುವಿನ ಜಾಗವನ್ನು ಆ ಒಂಟಿ ಜೋಡಿಗಳೇ ಹಿಡಿದುಕೊಳ್ಳುತ್ತವೆ. ಅಲ್ಲಿರಬೇಕಾದ ಫ್ಲೋರೈಡ್ ಪಕ್ಕದ ಪದರಕ್ಕೆ ತಳ್ಳಲ್ಪಟ್ಟು, ಅಲ್ಲಿ ಸಡಿಲವಾಗಿ ಓಡಾಡುತ್ತದೆ.

ಹಾಗಾದರೆ ಸಮಸ್ಯೆ ಮುಗೀತಲ್ಲ?

ಮುಗಿಯಲಿಲ್ಲ. ನನ್ನ ಪ್ರಕಾರ ಈ ಇಡೀ ವಿಷಯದ ಗಂಟು ಇರುವುದು ಇಲ್ಲೇ.

ಬ್ಯಾಟರಿಗೆ ಜಾಸ್ತಿ ವೋಲ್ಟೇಜ್ ಬೇಕಾದರೆ ಆನೋಡಿನಲ್ಲಿ ಫ್ಲೋರೈಡನ್ನು ಬಲವಾಗಿ ಹಿಡಿಯುವ ಲೋಹ ಇರಬೇಕು: ಲ್ಯಾಂಥನಮ್, ಸೀರಿಯಮ್, ಮೆಗ್ನೀಸಿಯಮ್, ಕ್ಯಾಲ್ಸಿಯಮ್. ಲ್ಯಾಂಥನಮ್ ಮತ್ತು ಕಾಪರ್ ಫ್ಲೋರೈಡ್ ಜೋಡಿಗೆ ಲೆಕ್ಕದಲ್ಲಿ ಸುಮಾರು 3 ವೋಲ್ಟ್ ಬರುತ್ತದೆ. ಇಂಥ ಲೋಹದ ಪಕ್ಕ ಬೇರಿಯಮ್ ಟಿನ್ ಫ್ಲೋರೈಡ್ ಇಟ್ಟರೆ ಆ ಲೋಹ ಎಲೆಕ್ಟ್ರೊಲೈಟಿನಲ್ಲೇ ಇರುವ ಫ್ಲೋರೈಡನ್ನು ಕಿತ್ತುಕೊಳ್ಳುತ್ತದೆ. ಫ್ಲೋರೈಡ್ ಕಳೆದುಕೊಂಡ ತವರ ಬರೀ ಲೋಹವಾಗುತ್ತದೆ. ಲೋಹದಲ್ಲಿ ಎಲೆಕ್ಟ್ರಾನ್ ಹರಿಯುತ್ತದೆ, ಹಾಗಾಗಿ ಕೊನೆಗೆ ಎಲೆಕ್ಟ್ರೊಲೈಟ್ ಒಳಗೇ ಶಾರ್ಟ್ ಆಗಬಹುದು. ಇದರಿಂದ ತಪ್ಪಿಸಿಕೊಳ್ಳಲು ತವರವನ್ನೇ ಆನೋಡ್ ಮಾಡಿದರೆ ವೋಲ್ಟೇಜ್ ಒಂದು ವೋಲ್ಟ್ ಕೂಡ ಬರುವುದಿಲ್ಲ.

ತವರ, ಸೀಸ ಫ್ಲೋರೈಡನ್ನು ಸಡಿಲವಾಗಿ ಹಿಡಿದಿರುವುದರಿಂದಲೇ ಅದು ಜೋರಾಗಿ ಓಡುತ್ತದೆ. ಅದೇ ಸಡಿಲದಿಂದ ಬೇರೆ ಲೋಹ ಅದನ್ನು ಸುಲಭವಾಗಿ ಕಿತ್ತುಕೊಳ್ಳುತ್ತದೆ. ಲ್ಯಾಂಥನಮ್, ಬೇರಿಯಮ್ ಬಿಗಿಯಾಗಿ ಹಿಡಿಯುತ್ತವೆ. ಯಾರೂ ಕಿತ್ತುಕೊಳ್ಳಲಾರರು, ಆದರೆ ಓಟವೂ ನಿಧಾನ. ವೇಗ ಮತ್ತು ಗಟ್ಟಿತನ ಎರಡನ್ನೂ ಒಂದೇ ವಸ್ತುವಿನಲ್ಲಿ ತರುವುದು ಇದಕ್ಕೇ ಇಷ್ಟು ಕಷ್ಟ. ಹೊಸ ವಸ್ತುವಿನ ವಾಹಕತೆ ಇಷ್ಟು ಎಂಬ ಸುದ್ದಿ ಓದಿದಾಗಲೆಲ್ಲ ನಾನು ಮೊದಲು ನೋಡುವುದು ಅದರಲ್ಲಿ ಯಾವ ಲೋಹ ಇದೆ ಎಂದು.

ಈ ಗಂಟು ಬಿಡಿಸಲು ಏನು ಮಾಡುತ್ತಿದ್ದಾರೆ?

ಒಂದು ದಾರಿ, ಎರಡು ಪದರ. ಆನೋಡಿನ ಪಕ್ಕ ಬೇರಿಯಮ್-ಲ್ಯಾಂಥನಮ್ ಫ್ಲೋರೈಡಿನ ತೆಳು ಪದರ, ಅದರಾಚೆ ವೇಗವಾಗಿ ಓಡಿಸುವ ಬೇರಿಯಮ್ ಟಿನ್ ಫ್ಲೋರೈಡ್. ಮೊದಲನೆಯದು ತಡೆಗೋಡೆ, ಎರಡನೆಯದು ಓಟದ ದಾರಿ. ಕಾರ್ಲ್ಸ್‌ರೂಹೆಯಲ್ಲಿ ಇದನ್ನು ಮಾಡಿ ನೋಡಿದ್ದಾರೆ. ತಡೆಗೋಡೆಯಲ್ಲಿ ಒಂದು ಬಿರುಕು ಇದ್ದರೂ ಪ್ರಯೋಜನವಿಲ್ಲ. ತೆಳ್ಳಗೂ ಇರಬೇಕು, ಬಿರುಕೂ ಇರಬಾರದು.

ಇನ್ನೊಂದು, ತವರ ಸೀಸ ಇಲ್ಲದ ಹೊಸ ರಚನೆಗಳನ್ನು ಹುಡುಕುವುದು. ಕಂಪ್ಯೂಟರಿನಲ್ಲಿ ಸಾವಿರಾರು ಹರಳುಗಳ ಅಡ್ಡಗೋಡೆ ಎತ್ತರ ಲೆಕ್ಕ ಹಾಕಿ, ಆಯ್ದ ಕೆಲವನ್ನು ಲ್ಯಾಬಿನಲ್ಲಿ ತಯಾರಿಸುತ್ತಾರೆ. ಮೂರನೆಯದು ಟೈಸೊನೈಟ್‌ನ ಗಡಿ ತಡೆಯನ್ನೇ ಕಡಿಮೆ ಮಾಡುವುದು. ನನಗೆ ಹೆಚ್ಚು ಭರವಸೆ ಮೊದಲನೆಯ ಮತ್ತು ಮೂರನೆಯ ದಾರಿಯ ಮೇಲೆ.

ಎಲೆಕ್ಟ್ರೊಲೈಟ್ ಸರಿಹೋದರೆ ಬ್ಯಾಟರಿ ಸಿದ್ಧವಾದಂತೆಯೇ?

ಎಲೆಕ್ಟ್ರೋಡ್ ಉಬ್ಬುವ ತೊಂದರೆ ಉಳಿಯುತ್ತದೆ. ತಾಮ್ರ ಕಾಪರ್ ಫ್ಲೋರೈಡ್ ಆಗುವಾಗ ಅದರ ಗಾತ್ರ ಮೂರು ಪಟ್ಟಿಗಿಂತ ಜಾಸ್ತಿ ಆಗುತ್ತದೆ, ಮರಳಿ ಲೋಹವಾಗುವಾಗ ಕುಗ್ಗುತ್ತದೆ. ದ್ರವವಾದರೆ ಸಂದಿಗೆ ಹರಿದು ತುಂಬಿಕೊಳ್ಳುತ್ತದೆ. ಘನಕ್ಕೆ ಅದು ಆಗದು, ಕಣಗಳು ಒಂದರಿಂದೊಂದು ದೂರವಾಗಿ ದಾರಿ ಕಡಿದುಹೋಗುತ್ತದೆ. ಎಲೆಕ್ಟ್ರೋಡಿನ ಒಳಗೂ ಎಲೆಕ್ಟ್ರೊಲೈಟ್ ಪುಡಿ ಮತ್ತು ಇಂಗಾಲ ಬೆರೆಸುವುದು ಅದಕ್ಕೇ. ಆಗ ಎಲೆಕ್ಟ್ರೊಲೈಟ್ ಮೆತ್ತಗಿದ್ದು ಒತ್ತಿದರೆ ಹೊಂದಿಕೊಳ್ಳುವಂತಿದ್ದರೆ ದೊಡ್ಡ ಅನುಕೂಲ. ಬೇರಿಯಮ್ ಟಿನ್ ಫ್ಲೋರೈಡಿಗೆ ಹೋಲಿಸಿದರೆ ಲ್ಯಾಂಥನಮ್ ಫ್ಲೋರೈಡ್ ಗಡುಸು. ಉಬ್ಬುವುದನ್ನೇ ತಪ್ಪಿಸಲು ಜರ್ಮನಿಯಲ್ಲಿ ಒಲಿವರ್ ಕ್ಲೆಮೆನ್ಸ್ ಅವರ ಗುಂಪು ಲ್ಯಾಂಥನಮ್ ನಿಕಲ್ ಆಕ್ಸೈಡಿನಂಥ ಪದರದ ವಸ್ತುಗಳೊಳಗೆ ಫ್ಲೋರೈಡ್ ತೂರಿಸುವ ಕೆಲಸ ಮಾಡಿದೆ. ಸಾಮರ್ಥ್ಯ ಕಡಿಮೆ, ಆದರೆ ಗಾತ್ರ ಅಷ್ಟಾಗಿ ಬದಲಾಗುವುದಿಲ್ಲ.

ಈ ಪುಡಿಗಳು ಅಪಾಯಕಾರಿಯಾ?

ಟಿನ್ ಫ್ಲೋರೈಡ್ ಕೆಲವು ಟೂತ್‌ಪೇಸ್ಟುಗಳಲ್ಲೂ ಇರುತ್ತದೆ. ಹಾಗೆಂದು ಲ್ಯಾಬಿನ ಪುಡಿಯನ್ನು ಹಗುರವಾಗಿ ನೋಡಬೇಡಿ. ಬೇರಿಯಮ್, ಸೀಸದ ಫ್ಲೋರೈಡುಗಳು ವಿಷ. ತೇವದ ಜೊತೆ ಕಾಯಿಸಿದರೆ ಅಥವಾ ಆಸಿಡ್ ತಾಗಿದರೆ ಹೈಡ್ರೋಜನ್ ಫ್ಲೋರೈಡ್ ಹೊರಬರುತ್ತದೆ, ಅದು ಚರ್ಮದೊಳಗೆ ಇಳಿದು ಮೂಳೆಯನ್ನೂ ಮುಟ್ಟುತ್ತದೆ. ಆರ್ಗಾನ್ ತುಂಬಿದ ಗ್ಲವ್ ಬಾಕ್ಸ್, ಹೊಗೆ ಎಳೆಯುವ ಫ್ಯೂಮ್ ಹುಡ್, ಕೈಗೆಟುಕುವಲ್ಲಿ ಈ ಸುಟ್ಟ ಗಾಯಕ್ಕೆ ಹಚ್ಚುವ ಕ್ಯಾಲ್ಸಿಯಮ್ ಗ್ಲುಕೋನೇಟ್ ಜೆಲ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಮನೆಯಲ್ಲಂತೂ ಬೇಡವೇ ಬೇಡ.

ಕಚ್ಚಾ ವಸ್ತು ನಮ್ಮ ದೇಶದಲ್ಲಿ ಸಿಗುತ್ತದೆಯಾ?

ಬೇರಿಯಮ್ ಮೂಲವಾದ ಬೆರೈಟ್ಸ್ ಆಂಧ್ರದ ಮಂಗಂಪೇಟೆಯಲ್ಲಿ ಅಪಾರವಾಗಿದೆ. ಲ್ಯಾಂಥನಮ್ ಕೇರಳ, ತಮಿಳುನಾಡು, ಒಡಿಶಾದ ಕಡಲ ಮರಳಿನಲ್ಲಿ ಸಿಗುವ ಖನಿಜ ಮೊನಜೈಟ್‌ನಲ್ಲಿದೆ. ಫ್ಲೋರೈಡಿನ ಮೂಲವಾದ ಫ್ಲೋರೈಟ್ ಖನಿಜ ಗುಜರಾತಿನಲ್ಲಿ ಸ್ವಲ್ಪ ಇದೆ, ಆದರೆ ಬೇಕಾದದ್ದರಲ್ಲಿ ಬಹುಪಾಲು ಹೊರಗಿನಿಂದ ತರಿಸುತ್ತೇವೆ.

ಅಂಗಡಿಗೆ ಯಾವಾಗ ಬರುತ್ತದೆ?

ಈಗ ಕೊಳ್ಳುವಂಥ ಫ್ಲೋರೈಡ್ ಬ್ಯಾಟರಿ ಇಲ್ಲ. ಜಪಾನಿನಲ್ಲಿ ಕ್ಯೋಟೋ ವಿಶ್ವವಿದ್ಯಾಲಯ ಮತ್ತು ಕಾರು ಕಂಪನಿಗಳು ಸೇರಿ ಸರ್ಕಾರದ ಹಣದಲ್ಲಿ ವರ್ಷಗಳಿಂದ ಕೆಲಸ ಮಾಡುತ್ತಿವೆ. ನಿಮ್ಮ ಮುಂದಿನ ಸ್ಕೂಟರಿಗೆ ಇದಕ್ಕಾಗಿ ಕಾಯಬೇಡಿ.

ನಾನು ಎಂ.ಎಸ್ಸಿ. ವಿದ್ಯಾರ್ಥಿ. ಪ್ರಾಜೆಕ್ಟಿಗೆ ಎಲ್ಲಿಂದ ಶುರು ಮಾಡಲಿ?

ಬೇರಿಯಮ್-ಲ್ಯಾಂಥನಮ್ ಫ್ಲೋರೈಡಿನಿಂದ. ಎರಡು ಫ್ಲೋರೈಡ್ ಪುಡಿಗಳನ್ನು ಚೆನ್ನಾಗಿ ಒಣಗಿಸಿ, ಬಾಲ್ ಮಿಲ್‌ನಲ್ಲಿ ಅರೆದು, ಎಕ್ಸ್‌-ರೇಯಲ್ಲಿ ಒಂದೇ ರಚನೆ ಬಂದಿದೆಯಾ ನೋಡಿ. ಬಿಲ್ಲೆ ಒತ್ತಿ ಎರಡು ಬದಿಗೂ ಚಿನ್ನದ ಪದರ ಹಾಕಿ, ಇಂಪೀಡೆನ್ಸ್, ಅಂದರೆ ಎ.ಸಿ. ಕರೆಂಟಿಗೆ ಬಿಲ್ಲೆ ಒಡ್ಡುವ ತಡೆ, ಅಳೆಯಿರಿ. ಗ್ರಾಫಿನಲ್ಲಿ ಎರಡು ಕಮಾನು ಬಿಡಿಯಾಗಿ ಕಂಡರೆ ಒಂದು ಹರಳಿನ ಒಳಗಿನದು, ಇನ್ನೊಂದು ಗಡಿಯದು. ಬರೀ ಒಟ್ಟು ಸಂಖ್ಯೆ ಬರೆದು ಬಿಡಬೇಡಿ, ಎರಡನ್ನೂ ಬೇರೆ ಬೇರೆ ಬರೆಯಿರಿ. ಬಿಲ್ಲೆ ಎಷ್ಟು ಗಟ್ಟಿಯಾಗಿ ಕೂತಿದೆ ಎಂಬುದನ್ನು ತೂಕ ಮತ್ತು ಅಳತೆಯಿಂದ ಲೆಕ್ಕ ಹಾಕಿ ಪಕ್ಕದಲ್ಲೇ ಕೊಡಿ. ನೂರಕ್ಕೆ 80ರಷ್ಟು ಮಾತ್ರ ತುಂಬಿದ ಬಿಲ್ಲೆಯನ್ನೂ 95ರ ಬಿಲ್ಲೆಯನ್ನೂ ಹೋಲಿಸಿ ವಸ್ತು ಒಳ್ಳೆಯದು, ಕೆಟ್ಟದು ಎನ್ನಲು ಬರುವುದಿಲ್ಲ. ಆಮೇಲೆ ನೇರ ವೋಲ್ಟೇಜ್ ಕೊಟ್ಟು, ಕರೆಂಟ್ ಇಳಿದು ನಿಲ್ಲುವವರೆಗೆ ಕಾದು, ಎಲೆಕ್ಟ್ರಾನ್ ಎಷ್ಟು ಸೋರುತ್ತಿದೆ ಎಂದು ನೋಡಿ. ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಬಿಲ್ಲೆಯನ್ನು ಅಷ್ಟು ಹೊತ್ತೂ ಒಣ ಆರ್ಗಾನಿನಲ್ಲೇ ಇಡಿ.